ನಡುಮನೆಯ ಗಾಳಿ

ನನ್ನಿಂದ ಪುಸ್ತಕ ಎರವಲು ಪಡೆದವರು ಅದನ್ನು ತಮ್ಮದೆಂದು ಬಹಳ ಕಾಲ ಸಾಧಿಸಲಾರರು. ನನ್ನ ಹೆಸರಿರುವ ಮೊದಲ ಪುಟವನ್ನು ಹರಿದು, ಹೊಸ ರಟ್ಟು ಹಾಕಿ, ತಮ್ಮ ಕಪಾಟಿನ ಮೂಲೆಯಲ್ಲಿ ಅಡಗಿಸಿಟ್ಟರೂ ಪುಸ್ತಕ ತಾನೇ ತನ್ನ ಮನೆಯ ವಿಳಾಸವನ್ನು ಹೇಳಿಬಿಡುತ್ತದೆ. ನಾನು ರಸಾಯನಶಾಸ್ತ್ರ ಕಲಿಸುವ ಚಿಕ್ಕೋಡಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಗೆಳೆಯರೊಬ್ಬರು ಮೊನ್ನೆ ಒಂದು ಹಳೆಯ ಪುಸ್ತಕವನ್ನು ಹಿಂದಿರುಗಿಸುತ್ತ, "ಸರ್, ನಿಮ್ಮ ಪುಸ್ತಕ ಓದಿ ಮುಗಿಸೂದ್ರಾಗ ಅರ್ಧಾ ಚೀಲ ತಂಬಾಕ ತಿಂದಂಗ ಆತ್ರಿ" ಎಂದರು. ನಾನು ಪುಸ್ತಕವನ್ನು ಮೂಗಿಗೆ ಹಿಡಿದು ನೋಡಿದೆ. ಕಾಗದದ ವಾಸನೆ ಬಿಟ್ಟು ಮತ್ತೇನೂ ಬರಲಿಲ್ಲ. ಅವರು ನಕ್ಕರು. "ನಿಮಗ ಹೆಂಗ ಬಂದೀತ್ರಿ, ನೀವು ಅದರಾಗ ಹುಟ್ಟಿದವರು" ಎಂದರು.

ಯೋಚಿಸಿದರೆ ಇದು ವಿಚಿತ್ರವಾದ ಸಂಗತಿ. ಲೋಕದ ಪ್ರತಿಯೊಂದು ಮನೆಗೂ ಒಂದು ವಾಸನೆಯಿದೆ, ಅದು ಆ ಮನೆಯವರಿಗೆ ಮಾತ್ರ ಗೊತ್ತಿಲ್ಲ. ಕಬ್ಬು ನುರಿಸುವ ಕಾಲದಲ್ಲಿ ಉಗಾರದ ಕಡೆಗೋ ಶಿರಗುಪ್ಪಿಯ ಕಡೆಗೋ ಹೋದರೆ ಬಸ್ಸಿನಲ್ಲಿರುವ ಪರಊರಿನವರೆಲ್ಲ ಕಾಕಂಬಿಯ ಹುಳಿ ವಾಸನೆಗೆ ಮೂಗು ಮುಚ್ಚಿಕೊಂಡರೆ, ಅಲ್ಲಿಯೇ ಹತ್ತಿದ ಸ್ಥಳೀಯನೊಬ್ಬ ಇವರಿಗೆಲ್ಲ ನೆಗಡಿಯಾಗಿರಬೇಕು ಎಂಬಂತೆ ಸುತ್ತ ನೋಡುತ್ತಾನೆ. ನನಗೂ ನಮ್ಮ ಮನೆಯ ವಾಸನೆ ಮೊದಲ ಬಾರಿಗೆ ತಿಳಿದದ್ದು ನಮ್ಮೂರಾದ ನಿಪ್ಪಾಣಿಯಲ್ಲಲ್ಲ, ಧಾರವಾಡದಲ್ಲಿ. ವಿದ್ಯಾರ್ಥಿ ನಿಲಯದ ಕೋಣೆಯಲ್ಲಿ ರಜೆ ಮುಗಿಸಿ ಬಂದು ಟ್ರಂಕು ತೆರೆದಾಗ, ಮೇಲಿನ ಅಂಗಿಯ ಮಡಿಕೆಯಿಂದ ಯಾರೋ ಅಪರಿಚಿತರು ಎದ್ದು ಬಂದಂತಾಗಿ ನಾನೇ ಹಿಂದೆ ಸರಿದಿದ್ದೆ. ಕೋಣೆಯ ಗೆಳೆಯರು ಅಂದಿನಿಂದ ನನ್ನನ್ನು 'ಜರದಾ' ಎಂದು ಕರೆಯತೊಡಗಿದರು ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ವಿಶ್ವಾಸವಿಲ್ಲ. ಅದೇ ಗೆಳೆಯರಲ್ಲಿ ಒಬ್ಬ ಈಚೆಗೆ ಸಿಕ್ಕಾಗ, ಹಾಗೆ ಕರೆಯುತ್ತಿದ್ದುದು ನನ್ನನ್ನಲ್ಲ, ಪಕ್ಕದ ಕೋಣೆಯವನನ್ನು ಎಂದು ಆಣೆ ಮಾಡಿ ಹೇಳಿದ. ಇಷ್ಟು ವರ್ಷ ಇನ್ನೊಬ್ಬನ ಅಡ್ಡಹೆಸರನ್ನು ಅಭಿಮಾನದಿಂದ ಹೊತ್ತು ತಿರುಗಿದ ಮನುಷ್ಯನ ನೆನಪುಗಳನ್ನು ಓದುಗರು ಸ್ವಲ್ಪ ಸೋಸಿಯೇ ಸ್ವೀಕರಿಸಬೇಕು.

ನಮ್ಮ ಮನೆಗೆ ತಂಬಾಕಿನ ವಾಸನೆ ಇದ್ದುದಕ್ಕೆ ಕಾರಣ ಸರಳ: ಮನೆಯೊಳಗೆ ತಂಬಾಕು ಇತ್ತು. ಹೊಲದಲ್ಲಿ ಒಣಗಿ, ಬಡಿದು ಚೂರು ಮಾಡಿದ ತಂಬಾಕನ್ನು ದೊಡ್ಡ ರೈತರು ಬಾಡಿಗೆಯ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಇಡುತ್ತಿದ್ದರು. ನಮ್ಮಂಥ ಸಣ್ಣವರು ಮನೆಯಲ್ಲೇ ಚೀಲ ಒಟ್ಟಿ, ಪೇಟೆಯಲ್ಲಿ ಬೆಲೆ ಏರುವ ತನಕ ಕಾಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಪಾಲಿಗೆ ಕೊಟ್ಟ ಅವ್ವ, ನಮ್ಮ ಪಾಲಿಗೆ ಬಂದ ತಂಬಾಕನ್ನು ನಡುಮನೆಯಲ್ಲಿ, ಅಂದರೆ ಪಡಸಾಲೆಗೂ ಅಡುಗೆಮನೆಗೂ ನಡುವಿನ, ಒಂದೇ ಒಂದು ಬೆಳಕಿಂಡಿಯಿರುವ ಕೋಣೆಯಲ್ಲಿ ಮಾಳಿಗೆಯವರೆಗೆ ಒಟ್ಟಿಸುತ್ತಿದ್ದಳು. ಹೊರಗಿಟ್ಟರೆ ಥಂಡಿ ಹಿಡಿದು ಕೆಡುತ್ತದೆ, ಒಳಗಿಟ್ಟರೆ ಕಣ್ಣ ಮುಂದಿರುತ್ತದೆ. ಆ ಚೀಲಗಳ ಪಕ್ಕದಲ್ಲೇ ನಮ್ಮ ಹಾಸಿಗೆ, ಪಾತ್ರೆಯ ಕಪಾಟು, ದೇವರ ಗೂಡು. ಅದನ್ನು ಸ್ಥಳದ ಅಭಾವ ಎಂದು ನಾವು ಯಾರೂ ಎಣಿಸಿರಲಿಲ್ಲ. ಮನೆಯ ಹಿರಿಯರೊಬ್ಬರು ಗೋಡೆಗೆ ಒರಗಿ ಕುಳಿತಿದ್ದರೆ ಅವರ ಸುತ್ತ ಬಳಸಿ ಓಡಾಡುವ ಹಾಗೆ ನಾವು ಆ ಚೀಲಗಳ ಸುತ್ತ ಓಡಾಡುತ್ತಿದ್ದೆವು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದು ಆ ತಂಬಾಕಿನ ದುಡ್ಡಿನಿಂದಲೇ. ಧಾರವಾಡದಿಂದ ನಾನು ತಂದ ಮುಖ್ಯ ಆಸ್ತಿಯೆಂದರೆ ಪ್ರತಿಯೊಂದನ್ನೂ ಸಂಶಯಿಸುವ ಬುದ್ಧಿ. ಅವ್ವನ ನೆರಳಿನಲ್ಲಿ ಬೆಳೆದು, ಅವ್ವನ ತಂಬಾಕಿನಿಂದ ಪಡೆದ ಸಂಶಯವನ್ನು ಅವ್ವನ ತಂಬಾಕಿನ ಮೇಲೆಯೇ ಪ್ರಯೋಗಿಸುವ ದಿನ ಬರುತ್ತದೆಂದು ನಾನು ಊಹಿಸಿರಲಿಲ್ಲ. ಅದು ಬಂದದ್ದು ಎಂಬತ್ತರ ದಶಕದ ಕೊನೆಯ ಭಾಗದಲ್ಲಿ, ನನ್ನ ಮದುವೆಯಾದ ವರ್ಷ.

ನನ್ನ ಹೆಂಡತಿ ಸುಶೀಲಾ ತೆಲಸಂಗದವಳು. ಅಥಣಿಯ ಆಚೆಯ ಆ ಊರಿನಲ್ಲಿ ಮಳೆ ಕಡಿಮೆ, ಬಯಲು ಹೆಚ್ಚು. ಒಣ ಬೇಸಾಯದ ಊರಿನಲ್ಲಿ ಏನಿಲ್ಲದಿದ್ದರೂ ಗಾಳಿಗೆ ಬರವಿಲ್ಲ. ಅಂಥಲ್ಲಿಂದ ಬಂದು ನಮ್ಮ ನಡುಮನೆಯಲ್ಲಿ ಕಾಲಿಟ್ಟವಳು ಮೊದಮೊದಲು ಕೆಮ್ಮಿದಳು, ಆಮೇಲೆ ಅವಳ ಉಸಿರು ಸಿಳ್ಳು ಹಾಕತೊಡಗಿತು. ಚಳಿಗಾಲ ಬರುವಷ್ಟರಲ್ಲಿ ಗೋಡೆಗೆ ಒರಗಿಕೊಂಡು ಕುಳಿತಲ್ಲದೆ ನಿದ್ದೆ ಬಾರದಂತಾಯಿತು. "ಹೊಸಾ ನೀರು, ಹೊಸಾ ಗಾಳಿ. ಹೊಂದಿಕೊಳ್ತೈತಿ ಬಿಡು" ಎಂದು ಅವ್ವ ಬಿಸಿನೀರಿಗೆ ಓಂಕಾಳು ಹಾಕಿ ಕುದಿಸಿ ಕೊಟ್ಟಳು. ಡಾಕ್ಟರರು ಗುಳಿಗೆ ಕೊಟ್ಟರು. ಎದುರು ಮನೆಯ ಗಂಗೂ ಕಾಕು ಮಾತ್ರ ಬೇರೆಯದೇ ಔಷಧ ತಂದಳು.

ಗಂಗೂ ಕಾಕು ದುಷ್ಟಳಲ್ಲ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಗಂಜಿ ಹೊತ್ತು ಬರುವವಳು ಅವಳೇ. ಆದರೆ ಗಂಜಿಯ ಜೊತೆಗೆ ಒಂದು ಮಾತನ್ನೂ ತಂದು ಇಟ್ಟು ಹೋಗುವುದು ಅವಳ ಪದ್ಧತಿ. ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳಿದ್ದು ಒಳಗಿದ್ದ ನನಗೂ ಕೇಳಿಸಿತು, ಸುಶೀಲಾಳಿಗೂ ಕೇಳಿಸಿತು.

"ವೈನಿ, ತಪ್ಪ ತಿಳ್ಕೋಬ್ಯಾಡ. ಈ ದಮ್ಮು ಹುಡಿಗಿಗೆ ಮೊದಲಿಂದ ಇತ್ತೋ ಏನೋ? ಲಗ್ನದಾಗ ಮುಚ್ಚಿಟ್ಟಿರಬೇಕು. ನಾವು ಇಲ್ಲೇ ಹುಟ್ಟಿ ಇಲ್ಲೇ ಬೆಳದೀವಿ, ನಮಗ್ಯಾಕ ಬರವಲ್ತು?"

ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ನೋಡೂಣು" ಎಂದಳು. ಆ ಒಂದು ಮಾತಿನಿಂದ ಮನೆಯಲ್ಲೊಂದು ಖಟ್ಲೆ ದಾಖಲಾದಂತಾಯಿತು. ದೋಷ ಹುಡುಗಿಯ ಎದೆಯಲ್ಲಿದೆಯೋ, ಮನೆಯ ಗಾಳಿಯಲ್ಲಿದೆಯೋ? ಎದೆಯಲ್ಲಿದ್ದರೆ ತೆಲಸಂಗದ ಬೀಗರು ನಮಗೆ ಮೋಸ ಮಾಡಿದಂತೆ. ಗಾಳಿಯಲ್ಲಿದ್ದರೆ ಅವ್ವನ ತಂಬಾಕು ಅಪರಾಧಿ. ಸುಶೀಲಾ ಆಗ ಮೂರು ತಿಂಗಳ ಗರ್ಭಿಣಿ. ಅವಳು ಆ ದಿನದಿಂದ ನಡುಮನೆಯಲ್ಲಿ ಕೆಮ್ಮುವುದನ್ನು ಬಿಟ್ಟಳು. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು.

ನಾನು ಏನು ಮಾಡಬೇಕಿತ್ತು? ಬೇರೆ ಯಾರಾದರೂ ಆಗಿದ್ದರೆ ಅವ್ವನ ಎದುರು ಕುಳಿತು ಮಾತಾಡುತ್ತಿದ್ದರು. ನಾನು ವಿದ್ಯಾವಂತನಾದ್ದರಿಂದ ಪ್ರಯೋಗ ಮಾಡಲು ನಿಶ್ಚಯಿಸಿದೆ. ಹೊರಗಿನ ಗಾಳಿಗಿಂತ ಮನೆಯೊಳಗಿನ ಗಾಳಿಯೇ ಹೆಚ್ಚು ಕೆಟ್ಟಿರಬಹುದೆಂದು ಎಲ್ಲೋ ಓದಿದ್ದೆ, ಅಥವಾ ಆಮೇಲೆ ಓದಿದ್ದನ್ನು ಈಗ ಹಿಂದಕ್ಕೆ ಸರಿಸಿ ಹೇಳುತ್ತಿದ್ದೇನೆ. ಗಾಳಿಯನ್ನು ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿರಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಗಾಳಿ ಧಾರಾಳವಾಗಿತ್ತು, ಯಂತ್ರಗಳು ಇರಲಿಲ್ಲ. ಸೂಕ್ಷ್ಮದರ್ಶಕದ ಕೆಳಗಿಡುವ ಗಾಜಿನ ಪಟ್ಟಿಗಳನ್ನು ಕೇಳಿ ತಂದೆ. ಅವಕ್ಕೆ ತೆಳ್ಳಗೆ ಎಣ್ಣೆ ಸವರಿ ಒಂದನ್ನು ಪಡಸಾಲೆಯಲ್ಲಿ, ಒಂದನ್ನು ನಡುಮನೆಯಲ್ಲಿ, ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ಹಿತ್ತಿಲಿನ ಗೋಡೆಯ ಮೇಲೆ ಇಟ್ಟೆ. ಗಾಳಿಯಲ್ಲಿ ತೇಲುವ ಧೂಳು ಎಣ್ಣೆಗೆ ಅಂಟುತ್ತದೆ, ಎಲ್ಲಿಯ ಗಾಜು ಹೆಚ್ಚು ಕಪ್ಪಾಗುತ್ತದೋ ಅಲ್ಲಿಯ ಗಾಳಿ ಕೆಟ್ಟದ್ದು. ಮಕ್ಕಳಿಗೂ ತಿಳಿಯುವ ತರ್ಕ. ಅವ್ವನಿಗೆ "ಇವನ್ನ ಅಲ್ಲಿಂದ ಎತ್ತಬ್ಯಾಡ" ಎಂದಷ್ಟೇ ಹೇಳಿದೆ. ಅವ್ವ ಒಂದನ್ನೂ ಎತ್ತಲಿಲ್ಲ.

ಒಂದು ವಾರ ಬಿಟ್ಟು ನೋಡಿದಾಗ ಹಿತ್ತಿಲಿನ ಗಾಜು ಇದ್ದಿಲಿನಂತಿತ್ತು. ನಡುಮನೆಯ ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು.

ಇಲ್ಲಿ ಓದುಗರು ನನ್ನ ವಿದ್ಯೆಯ ಮಹಿಮೆಯನ್ನು ಗಮನಿಸಬೇಕು. ಓದು ಬರಹ ಇಲ್ಲದವನು ಈ ಫಲಿತಾಂಶವನ್ನು ಕಂಡಿದ್ದರೆ, ಎಲ್ಲೋ ಏನೋ ತಪ್ಪಾಗಿದೆ ಎನ್ನುತ್ತಿದ್ದ. ನಾನು ಅದಕ್ಕೆ ಕಾರಣಗಳನ್ನು ಹುಡುಕಿದೆ, ಕಾರಣಗಳು ಸಿಕ್ಕವು ಕೂಡ. ನಡುಮನೆಯ ಗಾಳಿ ಚಲಿಸುವುದಿಲ್ಲ, ಆದ್ದರಿಂದ ಧೂಳು ಏಳುವುದಿಲ್ಲ. ಚೀಲಗಳ ಬಾಯಿ ಹೊಲಿದಿರುವುದರಿಂದ ತಂಬಾಕು ಹೊರಗೆ ಬರುವುದಿಲ್ಲ. ಹಿತ್ತಿಲು ದಾರಿಗೆ ಹತ್ತಿರ. ಒಂದು ತಪ್ಪು ಫಲಿತಾಂಶಕ್ಕೆ ಮೂರು ಸರಿಯಾದ ಕಾರಣಗಳನ್ನು ಜೋಡಿಸುವ ಶಕ್ತಿ ವಿಶ್ವವಿದ್ಯಾಲಯದ ಹೊರಗೆ ಸುಲಭವಾಗಿ ಸಿಗುವಂಥದ್ದಲ್ಲ. ರೊಟ್ಟಿ ಬಡಿಯುತ್ತಿದ್ದ ಸುಶೀಲಾಳಿಗೆ ಅದನ್ನೆಲ್ಲ ವಿವರಿಸಿದೆ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ಹಂಗಾದ್ರ ನನ್ನ ಎದ್ಯಾಗ ದೋಷ ಐತಿ ಅಂದಂಗ ಆತ್ರಿ" ಎಂದಳು.

"ಹಂಗಲ್ಲ. ಗಾಜಿನ ಪ್ರಕಾರ..."

"ಗಾಜಿನ ಪ್ರಕಾರ ಹಂಗs ಅಲ್ರೀ? ನಮ್ಮಪ್ಪ ಸುಳ್ಳ ಹೇಳಿ ಲಗ್ನಾ ಮಾಡ್ಯಾನ ಅಂತ ಆತು."

ನಾನು ಮೂರೂ ಕಾರಣಗಳನ್ನು ಮೊದಲಿನಿಂದ ಮತ್ತೆ ಹೇಳತೊಡಗಿದೆ.

ಮರುವಾರ ಮತ್ತೆ ಹೊಸ ಎಣ್ಣೆ ಸವರಿ ಇಟ್ಟೆ. ಒಂದು ಬೆಳಿಗ್ಗೆ ಚಿಕ್ಕೋಡಿಯ ಬಸ್ಸು ತಪ್ಪಿ ಮನೆಗೆ ಹಿಂದಿರುಗಿದಾಗ, ಅವ್ವ ನಡುಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಗಾಜಿನ ಪಟ್ಟಿಯನ್ನು ಇಟ್ಟಲ್ಲೇ ಒತ್ತಿ ಹಿಡಿದು, ಸೆರಗಿನ ತುದಿಯಿಂದ ತಿಕ್ಕುತ್ತಿದ್ದಳು.

"ಯವ್ವಾ, ಏನ ಮಾಡಾಕತ್ತಿ?"

"ಒರಸಾಕತ್ತೀನಿ, ಕಾಣೂದಿಲ್ಲೇನ? ಅದೇನ ಗಾಜೋ ಏನೋ, ದಿನಾ ಒರಸತೀನಿ, ದಿನಾ ಬಂದು ಧೂಳು ಕುಂಡರತೈತಿ."

"ದಿನಾ ಒರಸ್ತೀ?"

"ಮತ್ತ? ಮನೀಗೆ ನಾಕ ಮಂದಿ ಬರ್ತಾರ, ಹೋಗ್ತಾರ. ನೋಡಿದವ್ರು ಏನಂದಾರು? ಈ ಮನ್ಯಾಗ ಕಸಾ ಹೊಡಿಯವ್ರ ಇಲ್ಲೇನು ಅಂದಾರು."

"ಹಿತ್ತಲದಾಗಿಂದು ಯಾಕ ಒರಸಿಲ್ಲ?"

"ಹಿತ್ತಲಕ ಯಾರ ಬರ್ತಾರ ಬಿಡು."

ನಾನು ಅಲ್ಲೇ ಚೀಲಕ್ಕೆ ಒರಗಿ ಕುಳಿತೆ. ಅವಳು ಏನನ್ನೂ ಮುಚ್ಚಿಡಲು ಯತ್ನಿಸಿರಲಿಲ್ಲ. ಮುಚ್ಚಿಡಬೇಕಾದದ್ದು ಏನಾದರೂ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಧೂಳು ಕಂಡರೆ ಅದು ಹೆಂಗಸಿನ ಅವಮಾನ ಎಂದು ಕಲಿತವಳು, ಧೂಳು ಹಿಡಿಯುವುದಕ್ಕೆಂದೇ ಇಟ್ಟ ವಸ್ತುವನ್ನು ದಿನವೂ ಶುಚಿ ಮಾಡಿ ನನ್ನ ಮಾನವನ್ನು ಕಾಪಾಡಿದ್ದಳು. "ದಿನಾ ಒರಸಿದ್ರೂ ದಿನಾ ಕುಂಡರತೈತಿ ಅಂದ್ರ ಗಾಳ್ಯಾಗ ಎಷ್ಟ ಧೂಳು ಇರಬೇಕು, ನೀನs ಹೇಳು" ಎಂದು ನಾನು ಉತ್ಸಾಹದಿಂದ ವಾದಿಸಿದೆ. ಅವ್ವ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಣ್ಣಿ ಹಚ್ಚಿದ್ರ ಎಲ್ಲೆ ಇಟ್ರೂ ಕುಂಡರತೈತಿ. ನಿನ್ನ ತಲೀ ಮ್ಯಾಲೂ ಕುಂಡರತೈತಿ. ಎಣ್ಣಿ ಹಚ್ಚಬ್ಯಾಡ, ಕುಂಡ್ರೂದಿಲ್ಲ" ಎಂದು ಎದ್ದು ಹೋದಳು.

ನಾನು ಅಡುಗೆಮನೆಗೆ ಹೋಗಿ, ಗಾಜಿನ ಮಾತು ಸುಳ್ಳು, ಅವ್ವ ದಿನಾ ಒರೆಸುತ್ತಿದ್ದಳು ಎಂದು ಹೇಳಿದೆ. ಸುಶೀಲಾ ನಗಲಿಲ್ಲ. "ಅದನ್ನ ಗಂಗೂ ಕಾಕುಗೆ ಹೋಗಿ ಹೇಳ್ರಿ" ಎಂದಳು. ಅವಳ ಮಾತು ನ್ಯಾಯವಾದದ್ದು. ಓಣಿಯ ನ್ಯಾಯಾಲಯದಲ್ಲಿ ಎಣ್ಣೆ ಸವರಿದ ಗಾಜಿಗೆ ಸಾಕ್ಷಿ ಹೇಳುವ ಅಧಿಕಾರವಿಲ್ಲ.

ಏಳನೆಯ ತಿಂಗಳಿಗೆ ಅವಳ ಅಪ್ಪ ಬಂದು ತೆಲಸಂಗಕ್ಕೆ ಕರೆದೊಯ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಾನು ನೋಡಲು ಹೋದಾಗ ಅವಳು ಅಂಗಳದಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ, ಬಾಯಿ ತುಸು ತೆರೆದು, ಸಿಳ್ಳಿಲ್ಲದೆ ನಿದ್ದೆ ಮಾಡುತ್ತಿದ್ದಳು. ನಾನು ಅವಳ ಉಸಿರನ್ನು ಕೇಳುತ್ತ ಬಹಳ ಹೊತ್ತು ಕುಳಿತಿದ್ದೆ. ಈ ಸಾಕ್ಷ್ಯವನ್ನು ಊರಿಗೆ ಮರಳಿ ಅವ್ವನ ಮುಂದಿಟ್ಟೆ. "ತವರಮನ್ಯಾಗ ಯಾರಿಗೆ ದಮ್ಮು ಬರ್ತೈತಿ ಹೇಳು? ನನಗೂ ನಮ್ಮವ್ವನ ಮನ್ಯಾಗ ಸೊಂಟ ನೋಯ್ತಿರಲಿಲ್ಲ" ಎಂದಳು ಅವ್ವ. ಇದನ್ನು ಖಂಡಿಸುವ ಸಾಧನವೂ ನಮ್ಮ ಪ್ರಯೋಗಾಲಯದಲ್ಲಿ ಇರಲಿಲ್ಲ. ಅಲ್ಲದೆ ಅವ್ವ ಇನ್ನೊಂದು ಮಾತು ಹೇಳಿದಳು, ಬಹಳ ಮೆಲ್ಲಗೆ: "ಆ ಚೀಲದ ಮ್ಯಾಲ ನಿಂತು ನೀ ಇಷ್ಟ ಎತ್ತರ ಆಗೀದಿ, ತಮ್ಮಾ." ಅದು ಬೈಗುಳವಾಗಿರಲಿಲ್ಲ. ಆದ್ದರಿಂದಲೇ ಮರುದಿನ ನಾನು ಗಾಜಿನ ಪಟ್ಟಿಗಳನ್ನು ತೊಳೆದು ಕಾಲೇಜಿಗೆ ಹಿಂದಿರುಗಿಸಿದೆ.

ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಅವ್ವ ಕುಂಚಿಗೆ, ಬೆಳ್ಳಿ ಕಡಗ, ಸಜ್ಜಕದ ಡಬ್ಬಿ ಹೊತ್ತು ತೆಲಸಂಗಕ್ಕೆ ಹೋದಳು. ಮರುದಿನವೇ ತಿರುಗಿ ಬರುತ್ತೇನೆಂದು ಹೋದವಳು ಬೀಗರ ಮನೆಯ ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡು ಅಲ್ಲಿಯೇ ಉಳಿದಳು. ಬೀಗರ ಮನೆಯಲ್ಲಿ ಉಳಿಯುವುದು ಅವಳಿಗೆ ಸಂಕೋಚದ ವಿಷಯವಾಗಿದ್ದರೂ, ಮೊಮ್ಮಗಳು ತೊಡೆಯ ಮೇಲಿರುವಾಗ ಸಂಕೋಚಕ್ಕೆ ಜಾಗವಿರಲಿಲ್ಲವೆಂದು ಕಾಣುತ್ತದೆ. ಕಾಲು ನೆಟ್ಟಗಾದ ಮೇಲೂ ಬಾಣಂತನ ಮುಗಿಯಲೆಂದು ನಿಂತಳು. ಅಲ್ಲಿ ಬಯಲಿನ ಕಡೆ ಬಾಗಿಲು ತೆರೆದಿರುವ ಪಡಸಾಲೆಯಲ್ಲಿ, ಸೊಸೆಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದಳಂತೆ. ಸೊಸೆ ಹೇಗೆ ಉಸಿರಾಡುತ್ತಾಳೆಂದು ಅವಳೂ ಕೇಳಿಸಿಕೊಂಡಿರಬೇಕು.

ಕರೆತರಲು ನಾನೇ ಹೋದೆ. ಅಥಣಿಯಲ್ಲೊಂದು ಬಸ್ಸು, ಚಿಕ್ಕೋಡಿಯಲ್ಲೊಂದು ಬಸ್ಸು ಬದಲಿಸಿ, ಮಗುವನ್ನು ತೊಡೆಯಿಂದ ತೊಡೆಗೆ ಸಾಗಿಸುತ್ತ ನಿಪ್ಪಾಣಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗಂಗೂ ಕಾಕು ನಮ್ಮ ಬಾಗಿಲಲ್ಲಿ ನಿವಾಳಿಸಲು ರೊಟ್ಟಿಯ ತುಣುಕು, ತಂಬಿಗೆ ನೀರು ಹಿಡಿದು ನಿಂತಿದ್ದಳು. ನಾನು ಬೀಗ ತೆಗೆದು ಬಾಗಿಲು ದೂಡಿದೆ. ಮಗುವನ್ನೆತ್ತಿಕೊಂಡ ಅವ್ವ ಹೊಸ್ತಿಲವರೆಗೆ ಬಂದು ನಿಂತಳು.

ಈ ಕ್ಷಣವನ್ನು ನಾನು ಕಾಲೇಜಿನ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ನಾನು ಹೇಳುವ ಕಥೆಯಲ್ಲಿ ಅವ್ವ ಓಣಿಯೆಲ್ಲ ತಿರುಗಿ ನೋಡುವಂತೆ ಸೀನುತ್ತಾಳೆ, ಒಂದರ ಮೇಲೊಂದು. ಗೆಳೆಯರು ನಗುತ್ತಾರೆ. ಒಮ್ಮೆ ಸುಶೀಲಾಳ ಎದುರಿಗೇ ಇದನ್ನು ಹೇಳಿದಾಗ ಅವಳು ಚಹದ ಕಪ್ಪುಗಳನ್ನು ಎತ್ತುತ್ತ, "ಅತ್ತಿ ಸೀನಲೇ ಇಲ್ರಿ" ಎಂದಳು. ನಾನು ನನ್ನ ನೆನಪನ್ನು ಒತ್ತಿ ಒತ್ತಿ ಪರೀಕ್ಷಿಸಿದೆ. ಸೀನು ಕೇಳಿಸುತ್ತದೆ. ಆದರೆ ಅದು ಯಾರ ಸೀನು, ಎಂದಿನದು ಎಂದು ಖಚಿತವಾಗಿ ಹೇಳಲಾರೆ. ಕಥೆಗೆ ಬೇಕಾದ ಕಡೆ ನಾನೇ ಅದನ್ನು ತಂದಿಟ್ಟಿರುವ ಸಂಭವವಿದೆ. ಮುಂದಿನ ಮಾತುಗಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅವ್ವ ಹೊಸ್ತಿಲಲ್ಲಿ ನಿಂತು ಮೂಗನ್ನು ಒಂದಿಷ್ಟು ಮೇಲೆತ್ತಿ, ಕಾಕುವಿನ ಕಡೆ ತಿರುಗಿದಳು.

"ಗಂಗೂ, ನಿಮ್ಮ ಮನ್ಯಾಗ ತಂಬಾಕ ತಂದೀರೇನ? ಏನ ಘಾಟು ಹೊಡ್ಯಾಕತ್ತೈತಿ."

"ನಮ್ಮನ್ಯಾಗೆಲ್ಲಿ ತಂಬಾಕ ವೈನಿ? ನಿಮ್ಮದs ಅದು. ಯಾವತ್ತೂ ಹಿಂಗs ಬರ್ತೈತೆಲ್ಲ."

"ಯಾವತ್ತೂ?"

"ಅಯ್, ಯಾವತ್ತೂ. ನಿನಗ ಗೊತ್ತಿಲ್ಲೇನು?"

ಅವ್ವ ತೆರೆದ ಬಾಗಿಲಿನ ಮೂಲಕ ಕತ್ತಲೆಯ ನಡುಮನೆಯನ್ನು ನೋಡಿದಳು. ನನಗೆ ಎಂದಿನಂತೆ ಯಾವ ವಾಸನೆಯೂ ಬರುತ್ತಿರಲಿಲ್ಲ. ನಾನು ಅಷ್ಟೂ ದಿನ ಅಲ್ಲಿಯೇ ಇದ್ದವನು. ಅವಳು ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ಕಟ್ಟೆಯ ಮೇಲೆ ಕುಳಿತಳು.

"ಗಂಗೂ, ನಿನ್ನ ದನದ ಮನಿ ಖಾಲಿ ಐತೆಲ್ಲ?"

"ಐತಿ. ಯಾಕ?"

"ಚೀಲ ಅಲ್ಲೆ ಹಾಕಸ್ತೀನಿ. ಥಂಡಿ ಹಿಡದ್ರ ಹಿಡೀಲಿ." ಆಮೇಲೆ, ಓಣಿಯ ಕಿಟಕಿಗಳಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಅಲ್ಲೆ ನಾ ಇವಳ ಮಗ್ಗಲಾಗ ಮಲಗೀನಿ. ಹುಡುಗಿ ಎದಿ ಚಲೋ ಐತಿ. ನಮ್ಮ ಮನೀನs ಬರೋಬ್ಬರಿ ಇರಲಿಲ್ಲ."

ಕಾಕು ಹಿಡಿದಿದ್ದ ತಂಬಿಗೆಯನ್ನು ಕೆಳಗಿಟ್ಟು, ದನದ ಮನೆಯ ಬಾಗಿಲು ತೆರೆಯಲು ಹೋದಳು. ಓಣಿಯ ಇಬ್ಬರು ಗಂಡಸರೂ ನಾನೂ ಸೇರಿ ಚೀಲಗಳನ್ನು ಹೊರಗೆ ಸಾಗಿಸತೊಡಗಿದೆವು. ವರ್ಷಾನುವರ್ಷ ಚೀಲ ತಾಗಿದ ಗೋಡೆ ಕಂದುಬಣ್ಣಕ್ಕೆ ತಿರುಗಿತ್ತು. ಒಂದೊಂದು ಚೀಲ ಎತ್ತಿದಾಗಲೂ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹೊಗೆಯಂಥ ಧೂಳು ಸುತ್ತುತ್ತಿತ್ತು. ಅದು ಇಷ್ಟು ದಿನ ಎಲ್ಲಿತ್ತು ಎಂದು ಕೇಳುವ ಹಾಗಿರಲಿಲ್ಲ, ನಮ್ಮೆಲ್ಲರ ಒಳಗೇ ಇತ್ತು. ಕೊನೆಯ ಚೀಲ ಹೋದ ಮೇಲೆ ನೀರು ಚಿಮುಕಿಸಿ, ಗುಡಿಸಿ, ಎರಡೂ ಕಡೆಯ ಬಾಗಿಲುಗಳನ್ನು ತೆರೆದಿಟ್ಟು ಹೊರಬಂದೆ. "ಆತು, ಬರ್ರಿ ಒಳಗ" ಎಂದೆ.

ಇದೆಲ್ಲ ವೈಜ್ಞಾನಿಕವಾಗಿ ಎಷ್ಟು ಸರಿಯೋ ನನಗೆ ಈಗಲೂ ಸಂಶಯವಿದೆ. ಸುಶೀಲಾಳ ಉಸಿರು ಮುಂದೆ ಹಗುರಾಯಿತು ನಿಜ, ಆದರೆ ಊರೆಲ್ಲ ತಂಬಾಕು ಬಡಿಯುವ ಕಾಲದಲ್ಲಿ ಅದು ಇಂದಿಗೂ ಒಮ್ಮೊಮ್ಮೆ ಸಿಳ್ಳು ಹಾಕುತ್ತದೆ. ಒಂದು ಮನೆಯ ಬಾಗಿಲು ತೆರೆದ ಮಾತ್ರಕ್ಕೆ ಊರಿನ ಗಾಳಿ ಬದಲಾಗುವುದಿಲ್ಲ. ಒಬ್ಬರ ಎದೆ ಎಷ್ಟು, ಒಂದು ಮನೆಯ ಗಾಳಿ ಎಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಡಾಕ್ಟರರ ಬಳಿಯೂ ಇರಲಿಲ್ಲ. ಅವ್ವ ಆ ಲೆಕ್ಕಕ್ಕೇ ಹೋಗಲಿಲ್ಲ. ತೂಗಲಾಗದ್ದನ್ನು ತನ್ನ ಕಡೆಗೆ ಎಳೆದುಕೊಂಡು, ಅದನ್ನು ಓಣಿಯ ಮುಂದೆ ಹೇಳಿ ಮುಗಿಸಿದಳು.

ಅಂದು ನಾನು ಒಳಗೆ ಕರೆದಾಗ ಅವ್ವ ಏಳಲಿಲ್ಲ. ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಸೊಸೆಗೆ ಹೇಳಿದಳು:

"ಅವಗೇನ ಗೊತ್ತಾಗತೈತಿ? ನೀ ಹೋಗಿ ನಡಮನ್ಯಾಗ ಜರಾ ನಿಂದ್ರ ಬೇ. ಉಸರು ಆಡತೈತೇನ ನೋಡು. ನೀ ಹೂಂ ಅಂದ ಮ್ಯಾಲ ಕೂಸಿನ ತರ್ತೀನಿ."

ಸುಶೀಲಾ ನನ್ನನ್ನೊಮ್ಮೆ, ಕಾಕುವನ್ನೊಮ್ಮೆ ನೋಡಿ ಚಪ್ಪಲಿ ಕಳಚಿ ಒಳಗೆ ಹೋದಳು. ಖಾಲಿ ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡದ್ದು ಹೊರಗಿನಿಂದ ನಮಗೆಲ್ಲ ಕಾಣುತ್ತಿತ್ತು. ಅವಳು ಕೆಮ್ಮಿದಳು, ಮನೆಯೊಳಗೇ, ಬಾಯಿಗೆ ಸೆರಗು ಹಿಡಿಯದೆ.

"ಇನ್ನs ಜರಾ ಐತ್ರಿ ಅತ್ತಿ" ಎಂದಳು.

"ಹಂಗಾದ್ರ ಇನ್ನೊಂದೀಟು ಇಲ್ಲೇ ಕೂಡ್ರೂಣು, ಬಾ" ಎಂದಳು ಅವ್ವ, ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡುತ್ತ.